ಎರಡು ಕಡೆ ಎಣಿಸತಕ್ಕದ್ದಲ್ಲ

ಸುಪೀರಿಯರ್ ಸರೋವರದ ದಂಡೆಯ ಈ ಪುಟ್ಟ ಕಾಲೇಜಿನಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಇದೊಂದೇ ಕಿಟಕಿ.
ಒಳಗೆ ಹೀಟರಿನ ಗೊಣಗು, ಹೊರಗೆ
ಸಾಲಲ್ಲಿ ನಿಂತವರ ಬೂಟಿನಡಿ ಕರಗುವ ಹಿಮ.
ಬಂದವರಿಗೆಲ್ಲ ಅದೇ ಮಾತು:
ಒಂದು ಮೇಜರ್ ಸಾಕು, ಮಗು.
ಎರಡು ಬೇಕೇ? ತಗೋ ಹಳದಿ ಫಾರಂ,
ಎರಡು ಹಾಳೆ, ಎರಡು ವಿಭಾಗದ ಸಹಿ, ಡೀನರ ಮುದ್ರೆ.
ಮೈನರ್ ಆದರೆ ನೀಲಿ.
ಮೂರನೆಯ ಮೇಜರ್ ಕೇಳಬೇಡ,
ಅದಕ್ಕೆ ಯಾವ ಬಣ್ಣದ ಕಾಗದವೂ ಅಚ್ಚಾಗಿಲ್ಲ.

ನಿಯಮ ಏಳು, ಉಪನಿಯಮ ಇ,
ಭಾನುವಾರದ ಪ್ರಾರ್ಥನೆಗಿಂತ ಸಲೀಸು ನನ್ನ ನಾಲಗೆಗೆ:
ಎರಡು ಮೇಜರ್‌ಗಳು ಹಂಚಿಕೊಳ್ಳಬಹುದಾದ ಕೋರ್ಸು ಎರಡೇ ಎರಡು.
ಮೂರನೆಯದನ್ನು ಯಾವ ಕಾರಣಕ್ಕೂ
ಎರಡು ಕಡೆ ಎಣಿಸತಕ್ಕದ್ದಲ್ಲ.

ನಿಯಮ ಬರೆದವರು ಕಟುಕರೇನಲ್ಲ.
ಹಿಂದೊಬ್ಬನಿದ್ದ, ಅದೇ ಹನ್ನೆರಡು ಕೋರ್ಸಿಗೆ
ನಾಲ್ಕು ಅಂಗಿ ತೊಡಿಸಿ
ನಾಲ್ಕು ಪ್ರಮಾಣಪತ್ರ ಕೇಳಿದ್ದ, ನಗುನಗುತ್ತ.
ಅವನಿಗಾಗಿ ಹೊಲಿದ ಬೇಲಿ ಇದು.
ಈಗ ಸಿಕ್ಕಿಕೊಳ್ಳುವವರು ಬೇರೆ.

ಡೆಲ್ಫೀನ್ ಕಡಾಟ್ ಬಂದದ್ದು ಕೊನೆಯ ದಿನ,
ಪರದೆ ಎಳೆಯಲು ಹತ್ತು ನಿಮಿಷವಿದ್ದಾಗ.
ನೀರಿನ ವಿಜ್ಞಾನ ಮೇಲಿನ ಹಾಳೆಯಲ್ಲಿ,
ಒಜಿಬ್ವೆ ಭಾಷೆ ಕೆಳಗಿನದರಲ್ಲಿ.
ಬರೆದು ಅಳಿಸಿ, ಅಳಿಸಿ ಬರೆದು
ಮೇಲಿನ ಹಾಳೆ ಒಂದು ಕಡೆ ತೂತು.
ತೂತಾದಲ್ಲೇ ಕೋರ್ಸು ಮುನ್ನೂರ ಹನ್ನೆರಡು:
ಕಾಡಕ್ಕಿ, ಅದರ ಕೆರೆ, ಅದರ ಮಾತು.

ಇದು ಮೂರನೆಯದು, ಅಂದೆ.
ಗೊತ್ತು, ಅಂದಳು.
ಒಂದು ಕಡೆ ಗುರುತು ಹಾಕು. ನೀರಿಗೋ ಮಾತಿಗೋ.
ಸುಮ್ಮನೆ ನಿಂತಳು.
ನೋಡು, ಎರಡು ದೋಣಿಯಲ್ಲಿ ಕಾಲಿಟ್ಟರೆ, ಎಂದು ಶುರುಮಾಡಿದೆ

ದೋಣಿ ಒಂದೇ, ಅಂದಳು.
ಹಿಂದೆ ಅಜ್ಜಿ ನಿಂತು ಕೋಲೂರಿ ನೂಕುತ್ತಾಳೆ,
ಮುಂದೆ ನಾನು ಮಂಡಿಯೂರಿ.
ಎಡಗೈ ಕೋಲು ತೆನೆಯನ್ನು ಮಡಿಲಿಗೆ ಬಾಗಿಸುತ್ತದೆ,
ಬಲಗೈಯದು ಸವರುತ್ತದೆ. ಹೊಡೆಯಬಾರದು, ಸವರಬೇಕು.
ಒಂದಷ್ಟು ಕಾಳು ದೋಣಿಗೆ,
ಒಂದಷ್ಟು ಕೆರೆಗೆ.
ಕೆರೆಗೆ ಬಿದ್ದದ್ದು ಮುಂದಿನ ವರ್ಷದ ಪೈರು.
ಬೀಳುವಾಗ ಅಜ್ಜಿ ಅದಕ್ಕೊಂದು ಹೆಸರು ಹೇಳುತ್ತಾಳೆ, ನೀರಿಗೊಂದು, ಗಾಳಿಗೊಂದು.
ಯಾವ ಕಾಲಮ್ಮಿಗೆ ಅಂತ
ಅವಳನ್ನು ಯಾರೂ ಕೇಳಿಲ್ಲ.

ಚಂದದ ಮಾತು ಫಾರಮ್ಮಿಗೆ ಅಂಟುವುದಿಲ್ಲ.
ಇಂಥವು ಎಷ್ಟು ಕೇಳಿಲ್ಲ ನಾನು!
ಕುಣಿತವೂ ಅರ್ಥಶಾಸ್ತ್ರವೂ ಒಂದೇ ಎಂದು ಅತ್ತವನಿದ್ದ,
ಅತ್ತು ಮುಗಿಸಿ ಅರ್ಥಶಾಸ್ತ್ರಕ್ಕೇ ಸಹಿ ಹಾಕಿದ.

ಆದರೂ, ಎದುರಿನ ಗಾಜಿನಲ್ಲಿ
ತಿರುವುಮುರುವಾಗಿ ಕಂಡಿತು ನನ್ನ ನಾಮಫಲಕ: ಇರ್ಮಾ ಲೆಹ್ಟಿನೆನ್.
ಫಿನ್ಲೆಂಡಿನಿಂದ ಬಂದ ನನ್ನಜ್ಜಿಯ ಮಾತಲ್ಲಿ
ನನಗುಳಿದದ್ದು ಹತ್ತು ಪದ.
ಏಳು ಬೈಗುಳ. ಮತ್ತೆ ರೊಟ್ಟಿ, ಹಾಲು, ಸೌನಾ.
ಮಿಕ್ಕದ್ದೆಲ್ಲ ಯಾವ ಕೆರೆಗೆ ಬಿತ್ತೋ,
ಮೊಳೆಯಲಿಲ್ಲ.

ಪೆನ್ನು ಕೊಡಿ, ಅಂದಳು ಡೆಲ್ಫೀನ್.
ಕೊಟ್ಟೆ.
ನೀರಿಗೇ ಹಾಕ್ತೇನೆ. ಮಾತಿಗೆ ಬೇಸಿಗೆಯಲ್ಲಿ ಇನ್ನೊಂದು ಕೋರ್ಸು,
ದುಡ್ಡು ಹೇಗೋ ಆದೀತು,
ಬೇಕರಿಯಲ್ಲಿ ರಾತ್ರಿ ಪಾಳಿ ಇದೆ.
ಒತ್ತಿ ಹಾಕಿದಳು ಗುರುತು, ಹಲ್ಲು ಕಚ್ಚಿ.
ಮುದ್ರೆ ಒತ್ತಿದೆ. ಅವಳ ಹಿಂದೆ ಬಾಗಿಲು
ಚಳಿಯನ್ನೊಮ್ಮೆ ಒಳಬಿಟ್ಟು ಮುಚ್ಚಿಕೊಂಡಿತು.

ಫೈಲಿಗೆ ಸೇರಿಸುವಾಗ ಹಾಳೆ ಮಗುಚಿ ನೋಡಿದರೆ
ತೂತಿನಿಂದ ಇಳಿದಿದೆ ಶಾಯಿ:
ಕೆಳಗಿನ ಹಾಳೆಯಲ್ಲಿ, ಮಾತಿನ ಕಾಲಮ್ಮಿನಲ್ಲಿ
ಒಂದು ಕಾಳಿನಷ್ಟು ಕಪ್ಪು, ಇನ್ನೂ ಹಸಿ.

ಎಣಿಸಲಿಲ್ಲ ನಾನು ಅದನ್ನು, ನಿಯಮ ನಿಯಮವೇ.
ಅಳಿಸುವ ರಬ್ಬರು ಕೈಯಳತೆಯಲ್ಲೇ ಇತ್ತು.
ದೀಪ ಆರಿಸಿ
ಮನೆಗೆ ಹೋದೆ.