ಬಲಗಡೆಯ ಕಿಟಕಿ

ಡಿಸೆಂಬರಿನಲ್ಲೂ ಬೆವರುವ ಪರೇಲಿನ ಫುಟ್‌ಪಾತಿನಲ್ಲಿ
ಆಸ್ಪತ್ರೆಯ ಗೋಡೆಗೆ ಹಗ್ಗ ಕಟ್ಟಿ
ಸ್ವೆಟರು ತೂಗುಹಾಕಿ ಕೂತವಳು
ನನ್ನ ಫೋನಿನ ಮಾತು ಕೇಳಿಸಿಕೊಂಡು ಅಂದಳು:
"ಹುಬ್ಬಳ್ಳಿ ಕಡೇವ್ರೇನ್ರಿ?"

ಹೆಸರು ಯಾಂಗ್‌ಚೆನ್. ಹುಟ್ಟಿದ್ದು ಮುಂಡಗೋಡ, ಆರನೇ ಕ್ಯಾಂಪು.
ಗೋವಿನಜೋಳ ಮಾರುತ್ತ ಸಂತೆಯಲ್ಲಿ ಕಲಿತ ಕನ್ನಡ.
"ತಂಡಿ ಇಲ್ಲದ ಊರಾಗ ಸ್ವೆಟರ್ ಮಾರೂದು,
ಇದೂ ಒಂದ್ ತಪಸ್ಸು ಅನ್ರಿ."

ನಾನು ದಾದರಿನ ಬುಕಿಂಗ್ ಕಿಂಡಿಯಲ್ಲಿ
ಮೂವತ್ತೊಂದು ವರ್ಷ ಕೂತು ಎದ್ದವನು.
ಊರೂರಿಗೆ ಜನರನ್ನು ಕಳಿಸಿ
ಡೊಂಬಿವಿಲಿಯಾಚೆ ಹೆಚ್ಚು ಹೋಗದವನು.
ಈಗ ಗ್ರಾಚ್ಯುಟಿಯ ದುಡ್ಡಿದೆ,
ಲಾಸಾಕ್ಕೆ ಹೋಗುವ ರೈಲಿದೆ.

ನಾಲ್ಕು ಮಡಿಕೆಯ ಟೂರಿನ ಕಾಗದ ಬಿಚ್ಚಿದೆ.
ಪೊತಾಲ, ಜೋಖಾಂಗ್,
ಸೀಟಿಗೊಂದು ಆಮ್ಲಜನಕದ ನಳಿಗೆ.
ಎಲ್ಲ ತಿಳಿದವನಂತೆ ವಿವರಿಸಿದೆ ಕೂಡ, ಅವಳಿಗೆ!
ನಾಚಿಕೆ ಆಮೇಲೆ ಬಂತು,
ಪ್ಯಾಸೆಂಜರ್ ಗಾಡಿಯ ಹಾಗೆ, ತಡವಾಗಿ.

ಅವಳು ಪೊತಾಲ ನೋಡಲಿಲ್ಲ.
ಉಗುರಿನಿಂದ ಗೆರೆ ಹಿಡಿದು ಇಳಿಯುತ್ತ
ನಾಕ್ಚುವಿಗಿಂತ ತುಸು ಮೇಲೆ
ಸಾಸಿವೆಯಷ್ಟು ನೀಲಿಯ ಹತ್ತಿರ ನಿಂತಳು.
"ಇದು ಅವ್ವನ ಸರೋವರ. ದೇವ್ರು.
ಕಿಟಕ್ಯಾಗ ಯಾವ ಕಡೆ ಬರ್ತೈತ್ರಿ, ಎಡಕ್ಕೋ ಬಲಕ್ಕೋ?"

ಕೆಳಗಿನ ಬರ್ತು ಕೇಳಿದವರುಂಟು, ಕಿಟಕಿ ಕೇಳಿದವರುಂಟು,
ಸಂಡಾಸಿನಿಂದ ದೂರ ಕೊಡಿ ಎಂದು ಅಂಗಲಾಚಿದವರುಂಟು.
ದೇವರು ಯಾವ ಕಡೆ ಎಂದು
ಯಾರೂ ಕೇಳಿರಲಿಲ್ಲ.
ನಕ್ಷೆ ತಿರುಗಿಸಿದೆ. ದಕ್ಷಿಣಕ್ಕೆ ಮುಖ ಮಾಡಿ
ಫುಟ್‌ಪಾತಿನ ನಡುವೆ ಕೈ ಚಾಚಿ ನಿಂತು ಲೆಕ್ಕ ಹಾಕಿದೆ.
"ಬಲಕ್ಕೆ."

"ಹಂಗಾರ ಪುಣ್ಯ ಐತಿ. ಬಲಕ್ಕಿದ್ರ ಪ್ರದಕ್ಷಿಣಿ."
ಒಂದು ಗುಂಡಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.
"ಅವ್ವ ಆಚೀ ದಂಡಿ ಹಿಡದು ಬಂದ್ಲು,
ಎಡಕ್ಕ ಇಟಗೊಂಡು. ರಾತ್ರಿ.
ಸುತ್ತಿ ಬರಾಕ ಹೊತ್ತಿರಲಿಲ್ಲ.
ಈಗೂ ಅಂತಾಳ: ಅದಕ್ಕ ಇಲ್ಲೇ ಉಳದ್ವಿ."

ಮರಳುವಾಗ ನನಗೂ ಅದು ಎಡಕ್ಕೇ!
ಹೊಳೆದು ಗಾಬರಿಯಾಗಿ, ತಪ್ಪಿಸಿಕೊಳ್ಳುವವನಂತೆ ಅಂದೆ:
"ಬರೋದು ವಿಮಾನದಲ್ಲಿ."
ಅವಳು ನಕ್ಕುಬಿಟ್ಟಳು, ಬಂಗಾರದ ಒಂದು ಹಲ್ಲು ಕಾಣುವ ಹಾಗೆ:
"ದೇವ್ರನ್ನ ದಾಟಿ ಬರ್ತೀರೇನ್ರಿ!"

ಸ್ಲೋ ಲೋಕಲ್ಲಿನಲ್ಲಿ, ತೊಡೆಯ ಮೇಲೆ
ನನಗಿಂತ ದೊಡ್ಡ ಅಳತೆಯ ಕಂದು ಸ್ವೆಟರು,
ನುಸಿಗುಳಿಗೆಯ ವಾಸನೆ.
ಠಾಣೆ ದಾಟಿತು, ಕಳವೆ ದಾಟಿತು,
ಗುಡ್ಡದ ನಡುವೆ ಮುಂಬ್ರಾದೇವಿಯ ದೀಪ ಹತ್ತಿತ್ತು.
ಬಲಕ್ಕೆ.
ಸಂಜೆ ಬಲಕ್ಕೆ. ಬೆಳಿಗ್ಗೆ ಎಡಕ್ಕೆ.
ಒಮ್ಮೆಯೂ ತಲೆಯೆತ್ತಿ ನೋಡದೆ
ಮೂವತ್ತೊಂದು ವರ್ಷ, ರಾತ್ರಿ ಹೆಣೆದದ್ದನ್ನು
ಏಳು ಹದಿನೆಂಟರ ಗಾಡಿಯಲ್ಲಿ ಬಿಚ್ಚುತ್ತ ಬಂದಿದ್ದೇನೆ.

ಎದುರು ಕೂತ ಹುಡುಗ ಸ್ವೆಟರು ನೋಡಿ ಕೇಳಿದ,
"ಕಾಕಾ, ಕುಠೆ ನಿಘಾಲಾತ್?"
ಮುಂಡಗೋಡ, ಅಂದೆ. ಬಾಯಿಗೆ ಅದೇ ಬಂತು.
ಅಲ್ಲಿಗೆ ರೈಲಿಲ್ಲ, ಹುಬ್ಬಳ್ಳಿಯಿಂದ ಬಸ್ಸು.
ಬಸ್ಸಿನಲ್ಲಿ ಯಾವ ಕಡೆ ಕೂರಬೇಕೆಂದು
ಅವಳನ್ನು ಕೇಳಿಕೊಂಡು ಬಂದಿಲ್ಲ.