ಲೆಟ್

ಸೇಂಟ್ ಲೂಯಿಸಿನ ಜೂನ್. ಬೆವರಿಗೂ ಬೆವರು.
ನಾಲ್ಕು ಬೀದಿ ಆಚೆಯ ಬಿಯರ್ ಕಾರ್ಖಾನೆಯಿಂದ
ಬೇಯುವ ಬಾರ್ಲಿಯ ವಾಸನೆ ಕಿಟಕಿ ದಾಟಿ
ನನ್ನ ಕುಂಚದ ತುದಿಗೂ ಬಂದು ಕೂರುತ್ತದೆ.

ವರ್ಷಕ್ಕೊಮ್ಮೆ ಕರೆಯುತ್ತಾರೆ ಈ ಕಾಲೇಜಿನವರು.
ಟೆನಿಸ್ ಅಂಕಣದ ಪಕ್ಕದ ಹಜಾರ, ಓಕ್ ಮರದ ಹಲಗೆ,
ರಾಷ್ಟ್ರೀಯ ಪಂದ್ಯಕ್ಕೆ ಹೋದ ಹುಡುಗಿಯರ ಹೆಸರು,
ಎದುರಿಗೆ ಇಸವಿ. ಹೊಂಬಣ್ಣ. ಅಕ್ಷರಕ್ಕಿಷ್ಟು ಎಂದು ಕೂಲಿ.
ಉದ್ದ ಹೆಸರಿನವಳು ಆಯ್ಕೆಯಾದರೆ ನನಗೆ ಹಬ್ಬ.

ಈ ಸಲ ಇನ್ನೊಂದು ಕೆಲಸ: ಹಲಗೆಯ ನೆತ್ತಿಯಲ್ಲಿ
ಎಂಬತ್ತೆರಡನೆಯ ಇಸವಿಯ ಮೇಲೆ
ಒಂದೂವರೆ ಅಡಿ ಖಾಲಿ ಬಿದ್ದಿದೆಯಲ್ಲ,
ಅಲ್ಲೊಂದು ಗಡಿಯಾರ ಕೂರಿಸು ಅಂದರು.

ಏಣಿ ಹತ್ತಿ ಮೊಳೆ ಬಾಯಲ್ಲಿ ಕಚ್ಚಿದ್ದೆ.
ಕೆಳಗಿಂದ ದನಿ:
"ಅಲ್ಲಿ ಹೊಡೀಬೇಡಿ ಬಣ್ಣದವರೇ,
ಅಲ್ಲಿ ನಾವಿದ್ದೇವೆ."

ವಿಲ್ಮಾ ಹಾವರ್‌ಕ್ಯಾಂಪ್. ಎಂಬತ್ತೇಳು.
ಬಲದ ಮುಂಗೈ ಎಡಕ್ಕಿಂತ ಇನ್ನೂ ಒಂದು ಬೆರಳು ದಪ್ಪ.

"ಐವತ್ತೆಂಟರಲ್ಲಿ ಇದೇ ಊರಲ್ಲಿ ಕಾಲೇಜು ಹೆಣ್ಣುಮಕ್ಕಳಿಗೆಂದು
ಪಂದ್ಯ ಇಟ್ಟರು. ಟ್ರಾಮು ಹತ್ತಿ ಹೋದೆವು, ನಾನೂ ಇನೆಜ್ಜೂ,
ದಿಂಬಿನ ಚೀಲದಲ್ಲಿ ರ್‍ಯಾಕೆಟ್ಟು. ಕಾಲೇಜು ಕೊಟ್ಟದ್ದು
ಮೂರೇ ಚೆಂಡು. ಅದೂ ವಾಪಸು ಕೊಡುವ ಕರಾರಿನ ಮೇಲೆ.
ಅವಳ ಲಂಗ ಅವಳಮ್ಮನ ಅಡುಗೆಮನೆಯ ಪರದೆ;
ಓಡುವಾಗ ಅಂಚಿನ ಚೆರಿಹಣ್ಣು ಕಾಣುತ್ತಿತ್ತು.
ನಾನು ಮೊದಲ ಸುತ್ತಿಗೇ ಸೋತೆ. ಆರು-ಒಂದು, ಆರು-ಎರಡು.
ಆ ಕೊನೆಯ ಎರಡು ಇದೆಯಲ್ಲ,
ಅದು ನನ್ನದು, ಯಾರಪ್ಪನದೂ ಅಲ್ಲ."

ನಾನೆಂದೆ: ಆಫೀಸಿನ ಕಡತದಲ್ಲಿ ಶುರು ಎಂಬತ್ತೆರಡರಿಂದ,
ದೊಡ್ಡ ಸಂಘ ಹೆಣ್ಣುಮಕ್ಕಳಿಗೆ ಬಾಗಿಲು ತೆಗೆದಾಗಿನಿಂದ.
ಅದಕ್ಕೆ ಮೊದಲು...

"ಅದಕ್ಕೆ ಮೊದಲು ಲೆಟ್.
ನೋಡಿದ್ದೀರಲ್ಲ, ಸರ್ವ್ ಮಾಡಿದ ಚೆಂಡು ಬಲೆಯ ನೆತ್ತಿ ಸವರಿ
ಸರಿಯಾದ ಚೌಕದಲ್ಲೇ ಬೀಳುತ್ತದೆ. ತಪ್ಪೇನಿಲ್ಲ.
ಆದರೂ ಲೆಕ್ಕಕ್ಕಿಲ್ಲ, ಮತ್ತೆ ಹೊಡಿ ಅನ್ನುತ್ತಾರೆ.
ಇಪ್ಪತ್ತನಾಲ್ಕು ವರ್ಷ
ಸರಿಯಾದ ಚೌಕದಲ್ಲೇ ಬಿದ್ದೆವು."

ಬರೆಯಲೇ ನಿಮ್ಮ ಹೆಸರು? ಕೂಲಿ ಬೇಡ.

"ನನ್ನದೊಂದೇ ಹೇಗೆ?
ಇನೆಜ್ ಗಂಡನ ಹೆಸರಿಟ್ಟುಕೊಂಡಳು, ಆಮೇಲೆ ಇನ್ನೊಬ್ಬ ಗಂಡನದು.
ಅರವತ್ತಾರರಲ್ಲಿ ಆಡಿದ ಆ ಎಡಗೈ ಹುಡುಗಿ?
ಪಾದ್ರಿಯ ಮಗಳು, ಭಾನುವಾರ ಆಡದೆ ಆಟ ಬಿಟ್ಟುಕೊಟ್ಟವಳು?
ಎಲ್ಲರೂ ಯಾವುದೋ ಶ್ರೀಮತಿಯ ಹಿಂದೆ ನಿಂತಿದ್ದಾರೆ.
ಕೂಗಿದರೆ ಯಾವ ಹೆಸರಿಗೆ ತಿರುಗುತ್ತಾರೋ."

ಹೊರಗೆ ಯಂತ್ರವೊಂದು ಚೆಂಡು ಉಗುಳುತ್ತಿತ್ತು
ಜಡೆಯ ಹುಡುಗಿಯೊಬ್ಬಳ ಕಡೆಗೆ. ನೂರಾರು ಚೆಂಡು,
ಎಣಿಸುವವರಿಲ್ಲ, ಬೇಲಿಯ ಬುಡಕ್ಕೆಲ್ಲ ಹಳದಿ.
ವಿಲ್ಮಾ ಬಗ್ಗಿ ಒಂದನ್ನೆತ್ತಿ ಕೇಳಿದಳು,
ಯಾರಿಗೆ ವಾಪಸು ಕೊಡಬೇಕು?
ಹುಡುಗಿಗೆ ಅರ್ಥವಾಗಲಿಲ್ಲ. ನಕ್ಕಳು. ಇಟ್ಕೊಳ್ಳಿ ಅಂದಳು.
ಮುದುಕಿ ಅದನ್ನು ಕೈಚೀಲಕ್ಕೆ ಹಾಕಿಕೊಂಡದ್ದು
ಕದ್ದವಳ ಹಾಗೆ, ಆಚೀಚೆ ನೋಡಿ.

ಗಡಿಯಾರ ಪಕ್ಕದ ಗೋಡೆಗೆ ಹೋಯಿತು, ಸ್ವಲ್ಪ ಸೊಟ್ಟ.
ಕೇಳಿದರೆ ಓಕ್ ಬಲು ಗಟ್ಟಿ, ಮೊಳೆ ಇಳಿಯಲಿಲ್ಲ ಎನ್ನುವೆ.
ಈ ವರ್ಷದ ಹೆಸರು ಬರೆದೆ. ಚಿಕ್ಕ ಹೆಸರು, ನನ್ನ ಕರ್ಮ.
ಆಮೇಲೆ ಖಾಲಿ ಜಾಗಕ್ಕೂ ಒಂದು ಕೈ ವಾರ್ನಿಷ್.
ಒದ್ದೆಯಲ್ಲಿ ಮರದ ಗೆರೆಗಳು ಎದ್ದು ಬಂದವು,
ಒತ್ತೊತ್ತಾಗಿ, ಒಂದರ ಬೆನ್ನಿಗೊಂದು.
ಅಕ್ಷರ ಎಣಿಸಲು ಹೋದೆ, ಆಗಲಿಲ್ಲ.
ಬಿಲ್ಲಿಗೆ ಹಾಕಲಿಲ್ಲ.