ಕಿವಿ ಇರುವವರ ಕಷ್ಟ

ನಲವತ್ತೆರಡು ವರ್ಷ ವಾಲ್ಪರೈಸೊದ ಪಿಯಾನೊಗಳಿಗೆ
ಶ್ರುತಿ ಕೂಡಿಸಿ ಹೊಟ್ಟೆ ಹೊರೆದವನು ನಾನು.
ಮೊಣಕಾಲು ಹೋಯಿತು, ಕಣ್ಣು ಹೋಗುತ್ತಿದೆ,
ಹಾಳಾದ ಕಿವಿ ಮಾತ್ರ ಹೋಗಲೊಲ್ಲದು.

ನನ್ನ ಫ್ರಿಜ್ಜು ಇಡೀ ರಾತ್ರಿ ಮುಲುಗುತ್ತದೆ,
ಇತ್ತ ಸೋಲ್ ಅಲ್ಲ, ಅತ್ತ ಲಾ ಅಲ್ಲ,
ನಡುವೆ ಎಲ್ಲೋ ಬೇಲಿ ಮೇಲೆ ಕೂತು,
ಚುನಾವಣೆಗೆ ಮೊದಲಿನ ಪಕ್ಷೇತರನ ಹಾಗೆ.

ತಂಗಿಯ ಮಗಳು ಮಿಲೆನ್ಕಾ ಒಂದು ಫೋನು ಕೊಟ್ಟಳು.
ಅದು ದಿನಾ ಕೇಳುತ್ತದೆ: ಔಷಧಿ ಅಂಗಡಿಯಲ್ಲಿ
ನಿಮ್ಮ ಅನುಭವ ಹೇಗಿತ್ತು? ಐದರಲ್ಲಿ ಎಷ್ಟು ನಕ್ಷತ್ರ?
ಮೂಲವ್ಯಾಧಿಯ ಮುಲಾಮು ಕೊಂಡು ಬಂದವನು
ಯಾವ ನಕ್ಷತ್ರ ನೋಡಲಿ, ತಾಯಿ?

ಬ್ಯಾಂಕಿಗೆ ಕರೆ ಮಾಡಿದರೆ, ನೀವು ನಮಗೆ ಬಹಳ ಮುಖ್ಯ
ಎಂದು ಹೇಳಿ ಇಪ್ಪತ್ತಾರು ನಿಮಿಷ
ಒಂದೇ ತುಂಡು ಸಂಗೀತ ತಿನ್ನಿಸುತ್ತಾರೆ.
ಕೊನೆಕೊನೆಗೆ ನಾನು ಕಾದದ್ದು ಪಿಂಚಣಿಗಲ್ಲ,
ಎಡಗೈಯ ಆ ತಪ್ಪು ಸ್ವರ ನಾಚಿಕೊಂಡು
ಒಮ್ಮೆಯಾದರೂ ಸರಿಹೋದೀತೆಂದು.

ಇನ್ನು ಟೀವಿ. ಈಗಷ್ಟೇ ಬಂದ ಸುದ್ದಿ
ಮಂಗಳವಾರದಿಂದ ಬರುತ್ತಲೇ ಇದೆ.
ನೆಲ ನಡುಗಿದರೆ ನಾವಿಲ್ಲಿ ಚಹಾ ಬಟ್ಟಲು ಕೆಳಗಿಡುವುದಿಲ್ಲ,
ತೂಗುದೀಪ ನೋಡಿ, ಐದು ಪಾಯಿಂಟ್ ಎರಡು ಎನ್ನುತ್ತೇವೆ,
ಬ್ರೆಡ್ಡಿಗೆ ಇನ್ನಷ್ಟು ಬೆಣ್ಣೆ ಸವರುತ್ತೇವೆ.
ಸ್ಟುಡಿಯೋದಲ್ಲಿ ಮಾತ್ರ ಆ ಹುಡುಗನ ಗಂಟಲು
ಒಂದು ಸಪ್ತಕ ಮೇಲೆ ಹತ್ತಿ
ಇಳಿಯಲು ಏಣಿ ಸಿಗದೆ ಒದ್ದಾಡುತ್ತದೆ.

ಹತ್ತುವ ಮಾತು ಬಂತು, ಅಸೆನ್ಸೋರ್ ವಿಷಯ ಹೇಳಿಬಿಡುತ್ತೇನೆ.
ನಮ್ಮ ಗುಡ್ಡದ ಹಳಿಗಾಡಿ, ಮರದ ಡಬ್ಬಿ,
ನಿಂತು ಆರು ವರ್ಷ. ಮೆಟ್ಟಿಲು ಇನ್ನೂರ ಹದಿನಾಲ್ಕು,
ನನ್ನ ಮನೆ ನೂರ ಹದಿನೆಂಟನೆಯದರ ಪಕ್ಕ.
'ನಿಮಗಾಗಿ ದುರಸ್ತಿ ನಡೆದಿದೆ' ಎಂಬ ಬೋರ್ಡು
ಮೂರು ಸಲ ಬಣ್ಣ ಕಂಡಿತು.
ದುರಸ್ತಿಯಾದದ್ದು ಬೋರ್ಡು.

ಚುನಾವಣೆಗೆ ಇನ್ನು ಹದಿನೇಳು ದಿನ ಎನ್ನುವಾಗ
ಮೇಯರ್ ಎವಾರಿಸ್ತೊಗೆ ಗುಡ್ಡದ ನೆನಪಾಯಿತು.
ಉದ್ಘಾಟನೆಗೆ ಮೇಲಿನ ನಿಲ್ದಾಣದಲ್ಲಿ ಪಿಯಾನೊ ಬೇಕಂತೆ.
ಗಾಡಿ ಇನ್ನೂ ಉದ್ಘಾಟನೆ ಆಗಿರಲಿಲ್ಲವಲ್ಲ,
ಎಂಟು ಹಮಾಲರು ಮೆಟ್ಟಿಲ ಮೇಲೆ ಹೊತ್ತರು,
ಮೇಯರ ತಾಯಿಯನ್ನು ಮೆಟ್ಟಿಲಿಗೊಮ್ಮೆ ನೆನೆಯುತ್ತ.

ಶ್ರುತಿ ಮಾಡಲು ನನಗೆ ಹೇಳಿಕಳಿಸಿದರು,
'ಗೌರವಪೂರ್ವಕ', ಅಂದರೆ ಪುಕ್ಕಟೆ.
ಇನ್ನೂರ ಚಿಲ್ಲರೆ ತಂತಿ ಬಿಗಿದೆ.
ನಡುವಿನ ಲಾ ಒಂದನ್ನು ಕೂದಲೆಳೆಯಷ್ಟು ಇಳಿಸಿದೆ.
ಅಷ್ಟೇ ನನ್ನ ವಿರೋಧ ಪಕ್ಷ.

ಅವತ್ತು ಆ ಲಾ ಮೂವತ್ತೊಂದು ಸಲ ಬಂತು, ಎಣಿಸಿದ್ದೇನೆ.
ಮೇಯರ್ ಕಣ್ಣೊರೆಸಿಕೊಂಡ. ಮರುದಿನದ ಪತ್ರಿಕೆ
'ನಿರ್ದೋಷ ಸಂಗೀತ' ಎಂದಿತು.
ಹಿಂದೆ ಟಿಕೆಟು ಹರಿಯುತ್ತಿದ್ದ ಮುದುಕಿ ಎದುವಿಹಿಸ್ ಮಾತ್ರ
ಹುಣಸೆಹಣ್ಣು ಕಚ್ಚಿದವಳಂತೆ ಮುಖ ಹಿಂಡಿ
ಜನರ ನಡುವೆ ನನ್ನನ್ನೇ ಹುಡುಕಿ ದಿಟ್ಟಿಸಿದಳು.

ಹೊಸ ಮೋಟಾರು ಗುನುಗುಟ್ಟಿತು.
ಇತ್ತ ಸೋಲ್ ಅಲ್ಲ, ಅತ್ತ ಲಾ ಅಲ್ಲ.
ಹನ್ನೊಂದು ದಿನ ಓಡಿತು.

ಬೋರ್ಡು ಮತ್ತೆ ಬಂದಿದೆ. ಈ ಸಲ ನೀಲಿ.
ಪಿಯಾನೊ ಅಲ್ಲೇ ಉಳಿದಿದೆ,
ಇಳಿಸಲು ಎಂಟು ಹಮಾಲರೂ ಒಲ್ಲರು.
ಸಂಜೆ ಶಾಲೆ ಬಿಟ್ಟ ಮಕ್ಕಳು ಒಂದೊಂದೇ ಬೆರಳಲ್ಲಿ
ಏನೋ ಹುಡುಕುತ್ತವೆ, ನನ್ನ ಕಿಟಕಿಗೆ ಕೇಳುತ್ತದೆ.
ಲಾ ಬಂದಲ್ಲೆಲ್ಲ ಒಂದು ಹುಡುಗಿ ನಿಲ್ಲಿಸಿ
ಮತ್ತೆ ಒತ್ತುತ್ತಾಳೆ,
ತಪ್ಪು ತನ್ನ ಬೆರಳಿನದೇ ಎಂಬಂತೆ.

ನಾಲ್ಕು ದಿನ ತಡೆದೆ. ಐದನೆಯ ದಿನ
ಜೇಬಿಗೆ ಬಿಗಿಯುವ ಕೀಲಿ ಹಾಕಿಕೊಂಡು
ಉಳಿದ ತೊಂಬತ್ತಾರು ಮೆಟ್ಟಿಲು ಹತ್ತಿದೆ,
ಏಳು ಕಡೆ ಕೂತು, ಮೇಯರ್‌ಗೆ ಬೈದು,
ಆಮೇಲೆ ನನಗೇ ಬೈದುಕೊಂಡು.
ಸರಿಮಾಡಲು ಹಿಡಿದದ್ದು ಅರ್ಧ ನಿಮಿಷ.

ಬೋರ್ಡು ಹಾಕಲಿಲ್ಲ.
ಫೋನು ಕೇಳಿತು: ಮೇಲಿನ ನಿಲ್ದಾಣಕ್ಕೆ ಹೋಗಿದ್ದಿರಿ,
ಅನುಭವ ಹೇಗಿತ್ತು?